ಹೆಣದ ಕೋಣೆಯ ಯಜಮಾನಿ

ಅರಾಬಾ ಕ್ರೆಂಟ್ಸಿಲ್ ಕಳೆದ ಗುರುವಾರ ಸಂಜೆ ನಾಲ್ಕೂಕಾಲಿಗೆ, ಅಕ್ರಾದ ರಾಷ್ಟ್ರೀಯ ಗ್ರಂಥಾಲಯದ ಓದುವ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತಿದ್ದಂತೆಯೇ ತೀರಿಕೊಂಡರು. ಎಪ್ಪತ್ತೆಂಟು ವರ್ಷವಾಗಿತ್ತು. ಹೃದಯ ನಿಂತಿತೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಹೆಣ ಶವಾಗಾರದಲ್ಲಿದೆ. ಯಾವ ಶನಿವಾರ ಮಣ್ಣು ಮಾಡುವುದೆಂದು ಅವರ ತಾಯಿಕಡೆಯವರು ಇನ್ನೂ ಗೊತ್ತುಮಾಡಿಲ್ಲ.

ಸೋಮವಾರ ಅವರ ಅಣ್ಣನ ಮಗಳು ನನ್ನ ಅಚ್ಚುಕೂಟಕ್ಕೆ ಬಂದು ಒಂದು ಫೋಟೋ, ಒಂದೂವರೆ ಪುಟ ಬರಹ ಕೊಟ್ಟು ಹೋದಳು. ಅಂತ್ಯಕ್ರಿಯೆಯ ದಿನ ಹಂಚುವ ಪುಸ್ತಿಕೆಗೆ ಅದು. ಅನೊಮಾಬೊದಲ್ಲಿ ಹುಟ್ಟಿದ್ದು, ಹೊರದೇಶದಲ್ಲಿ ಓದಿದ್ದು, ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕಿಯಾದ ಮೊದಲ ಹೆಂಗಸು, ನಮ್ಮ ನೆಲದವರಲ್ಲಿ ಆ ಕುರ್ಚಿಗೆ ಬಂದ ಮೊದಲಿಗರು, ಇಸವಿಗಳು, ಪದಕಗಳು. ಅದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ಆ ಒಂದೂವರೆ ಪುಟದಲ್ಲಿ ಅರಾಬಾ ಯಾರಿಗೂ ಒಮ್ಮೆಯೂ 'ಆಗಲ್ಲ' ಎನ್ನುವುದಿಲ್ಲ. ನಲವತ್ತೆರಡು ವರ್ಷಗಳಲ್ಲಿ ನಾನು ಅವರ ಬಾಯಿಂದ ಹೆಚ್ಚು ಕೇಳಿದ್ದು ಆ ಒಂದು ಮಾತನ್ನೇ. ಅದಕ್ಕೇ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಅವರು ನನ್ನ ಅಚ್ಚುಕೂಟಕ್ಕೆ ಬಂದದ್ದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ. ಅಪ್ಪ ಸತ್ತು ಬಂದರಿನ ಹಿಂದಿನ ಬೀದಿಯ ಆ ಅಂಗಡಿ, ಕಾಲಿನಿಂದ ತುಳಿಯುವ ಎರಡು ಟ್ರೆಡಲ್ ಯಂತ್ರ, ಮೂರು ಪೆಟ್ಟಿಗೆ ಸವೆದ ಅಚ್ಚುಮೊಳೆ ನನ್ನ ಕೈಗೆ ಬಂದು ಒಂದು ವರ್ಷವಾಗಿತ್ತು. ನಾನು ಮೊಳೆಪೆಟ್ಟಿಗೆಯ ಮೇಲೇ ಎಲೆ ಬಿಚ್ಚಿ ಮೆಕ್ಕೆಜೋಳದ ಕೆಂಕಿ ಮುದ್ದೆ, ಕರಿದ ಮೀನು ತಿನ್ನುತ್ತಾ ಕೂತಿದ್ದೆ. ಬಾಗಿಲಲ್ಲಿ ಒಬ್ಬ ದಪ್ಪನೆಯ ಹೆಂಗಸು ನಿಂತಿದ್ದರು. ಕಾಲಲ್ಲಿ ಗಂಡಸರ ಚಪ್ಪಲಿ, ಕಂಕುಳಲ್ಲಿ ಕಡತ.

"ಯಾರಪ್ಪಾ ಇಲ್ಲಿ ಮಾಲೀಕ?"

"ನಾನೇ ಅಮ್ಮಾ. ಫೀಫಿ ಅಬಾಕಾ. ಯಾರು ತೀರ್ಕೊಂಡ್ರು?" ಎಂದೆ. ನಮ್ಮ ಅಂಗಡಿಗೆ ಬರುವವರನ್ನೆಲ್ಲ ನಾನು ಮೊದಲು ಕೇಳುತ್ತಿದ್ದದ್ದೇ ಅದನ್ನು.

"ಯಾರೂ ಇಲ್ಲ. ನಾನು ಗ್ರಂಥಾಲಯದೋಳು. ಈ ದೇಶದಲ್ಲಿ ಅಚ್ಚು ಹಾಕಿದ ಪ್ರತಿಯೊಂದರಲ್ಲೂ ಎರಡೆರಡು ಪ್ರತಿ ನಮಗೆ ಕೊಡ್ಬೇಕು ಅಂತ ಕಾನೂನಿದೆ. ನಿಮ್ಮಪ್ಪನ ಕಾಲದಿಂದ ಈ ಅಂಗಡಿಯಿಂದ ಒಂದು ಹಾಳೆ ಬಂದಿಲ್ಲ."

"ನಾವು ಪುಸ್ತಕ ಎಲ್ಲಿ ಮಾಡ್ತೀವಮ್ಮಾ? ಸಾವಿನ ಪುಸ್ತಿಕೆ, ಸಾವಿನ ಪೋಸ್ಟರ್ರು, ಅಷ್ಟೇ."

"ಅದೇ ಕೇಳ್ತಿರೋದು."

ನನಗೆ ನಗು ಬಂತು. "ಅದನ್ಯಾರು ಓದ್ತಾರೆ? ಶನಿವಾರ ಹಂಚ್ತಾರೆ, ಸೋಮವಾರ ಅದರಲ್ಲಿ ಮೀನು ಕಟ್ತಾರೆ."

ಅವರು ಒಳಗೆ ಬಂದು ನನ್ನ ಊಟದ ಎದುರೇ ಸ್ಟೂಲ್ ಎಳೆದು ಕೂತರು. "ನಮ್ಮಮ್ಮ ಅನೊಮಾಬೊದಲ್ಲಿ ಹೊಗೆಮೀನು ಮಾರ್ತಿದ್ಲು. ನಾನು ಓದೋಕೆ ಕಲ್ತಿದ್ದೇ ಆ ಮೀನು ಕಟ್ಟೋ ಕಾಗದದಲ್ಲಿ. ಒಬ್ಬ ಬಡಗಿ ಸತ್ತಿದ್ದ. ಅವನು ಯಾವ ದೋಣಿ ಕಟ್ಟಿದ, ಯಾರ ಮಗಳನ್ನ ಮದುವೆಯಾದ, ಎಷ್ಟು ಮಕ್ಕಳು ಸತ್ರು, ಎಲ್ಲಾ ಇತ್ತು. ಕೊನೇ ಪುಟ ಮಾತ್ರ ಮೀನಿನ ಜೊತೆ ಯಾರ ಮನೆಗೋ ಹೋಗಿತ್ತು. ಅವನು ಹೇಗೆ ಸತ್ತ ಅಂತ ನನಗಿವತ್ತಿಗೂ ಗೊತ್ತಿಲ್ಲ. ಹೇಳು ಫೀಫಿ, ನಮ್ಮ ದೇಶದಲ್ಲಿ ಬಡಗಿ ಬಗ್ಗೆ, ಸೂಲಗಿತ್ತಿ ಬಗ್ಗೆ ಎಷ್ಟು ಸಲ ಬರೀತಾರೆ?"

"ಸತ್ತಾಗ ಒಂದು ಸಲ."

"ಆ ಒಂದು ಸಲಾನೂ ಮೀನಿಗೆ ಕೊಟ್ಬಿಡೋಣವಾ?"

ನಾನು ಕೈ ತೊಳೆದುಕೊಂಡು ಎದ್ದು ಆ ವಾರ ಅಚ್ಚಾದ ನಾಲ್ಕು ಪುಸ್ತಿಕೆಗಳಲ್ಲಿ ಎರಡೆರಡು ತೆಗೆದುಕೊಟ್ಟೆ. ಅವರು ಒಂದೊಂದನ್ನೂ ತಿರುವಿ, ಒಂದರಲ್ಲಿ ಒಬ್ಬಳೇ ಹೆಂಗಸಿನ ಹೆಸರು ಎರಡು ಪುಟಗಳಲ್ಲಿ ಎರಡು ಬಗೆಯಾಗಿರುವುದನ್ನು ತೋರಿಸಿ, "ಸತ್ತೋಳು ಒಬ್ಬಳಾ ಇಬ್ಬರಾ?" ಎಂದು ಕೇಳಿ ಹೋದರು. ಅಂದಿನಿಂದ ನಾನು ಕರಡನ್ನು ಎರಡು ಸಲ ಓದುತ್ತೇನೆ.

ಆಗಷ್ಟೇ ಅವರು ನಿರ್ದೇಶಕಿಯಾಗಿದ್ದರು. ಅದಕ್ಕೆ ಮುಂಚೆ ಒಂಬತ್ತು ವರ್ಷ ಒಬ್ಬ ಇಂಗ್ಲಿಷ್ ದೊರೆಯ ಕೈಕೆಳಗೆ ಉಪನಿರ್ದೇಶಕಿ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಆ ಕುರ್ಚಿಗೆ ಬಂದಿರಲಿಲ್ಲ. ದೊರೆ ಕೆಟ್ಟವನಲ್ಲ, ನಮ್ಮ ಹಕ್ಕಿಗಳ ಬಗ್ಗೆ, ನಮ್ಮ ಮರಗಳ ಬಗ್ಗೆ ಬಂದ ಪುಸ್ತಕಗಳನ್ನೆಲ್ಲ ಜೋಪಾನ ಮಾಡಿದ್ದ. ಮನುಷ್ಯರ ಬಗ್ಗೆ ಮಾತ್ರ ಅವನ ಕಪಾಟಿನಲ್ಲಿ ಹೆಚ್ಚೇನೂ ಇರಲಿಲ್ಲ. ನಿರ್ದೇಶಕರು ಮಧ್ಯಾಹ್ನ ಒರಗಲಿಕ್ಕೆಂದು ಒಂದು ದೊಡ್ಡ ಕೋಣೆ ಇತ್ತು. ಕುರ್ಚಿಗೆ ಬಂದ ಮೊದಲ ವಾರವೇ ಅರಾಬಾ ಅಲ್ಲಿನ ಸೋಫಾ ಹೊರಗೆ ಹಾಕಿಸಿ, ಗೋಡೆತುಂಬ ಹಲಗೆ ಹೊಡೆಸಿ, ಸಾವಿನ ಪುಸ್ತಿಕೆಗಳನ್ನು ಊರೂರಿನ ಪ್ರಕಾರ ಜೋಡಿಸತೊಡಗಿದರು. ನೌಕರರು ಅದಕ್ಕೆ ಹೆಣದ ಕೋಣೆ ಎಂದು ಹೆಸರಿಟ್ಟರು. ಅವರಿಗೆ ಕೇಳಲಿ ಎಂದೇ ಜೋರಾಗಿ ಹೇಳುತ್ತಿದ್ದರು. "ಹೆಣದ ಕೋಣೆ ಯಜಮಾನಿ ಬಂದ್ಲು!" ಅರಾಬಾ ಒಂದು ದಿನ ಬಡಗಿಯಿಂದ ಹಲಗೆಯ ಮೇಲೆ ಆ ಹೆಸರನ್ನೇ ಕೆತ್ತಿಸಿ ಬಾಗಿಲಿಗೆ ಹೊಡೆಸಿದರು. ಮಾತು ಅಲ್ಲಿಗೆ ನಿಂತಿತು.

ಮದುವೆಯೂ ಆಗಿತ್ತು. ಗಂಡ ಭೂಮಿ ಅಳೆಯುವ ಇಲಾಖೆಯವನು. "ನಾನೋ, ಆ ಸತ್ತೋರೋ, ನೀನೇ ಹೇಳು" ಎಂದನಂತೆ. "ಸತ್ತೋರು ಬಿಸಿ ಸಾರು ಕೇಳಲ್ಲ" ಎಂದರಂತೆ ಇವರು. ಆರು ವರ್ಷದ ಸಂಸಾರ ಅಲ್ಲಿಗೆ ಮುಗಿಯಿತು. ಇದನ್ನು ನನಗೆ ಹೇಳುವಾಗ ಅವರು ನಕ್ಕರು, ನಾನೂ ನಕ್ಕೆ. ಅವರು ನಿಜಕ್ಕೂ ನಗುತ್ತಿರಲಿಲ್ಲ ಎಂದು ಬಹಳ ವರ್ಷ ಕಳೆದ ಮೇಲೆ ಹೊಳೆಯಿತು.

ಆ ಕೋಣೆಗೆ ಅವರು ಹಾಕಿದ ಕಟ್ಟಳೆ ಸರಳ. ಯಾರು ಬೇಕಾದರೂ ಬಂದು ಓದಬಹುದು. ಹೆಸರು, ಊರು, ಯಾವ ಪುಸ್ತಿಕೆ ಎಂದು ಚೀಟಿಯಲ್ಲಿ ಬರೆಯಬೇಕು. ಯಾಕೆಂದು ಯಾರೂ ಕೇಳುವುದಿಲ್ಲ. ಒಬ್ಬರ ಕೈಯಲ್ಲಿ ಓದಿನಲ್ಲಿರುವ ಪುಸ್ತಿಕೆಯನ್ನು ಇನ್ನೊಬ್ಬರು ಕಿತ್ತುಕೊಳ್ಳುವಂತಿಲ್ಲ, ಒಬ್ಬರಾದರೂ ಓದುತ್ತಿರುವವರೆಗೆ ಪೆಟ್ಟಿಗೆಗಳನ್ನು ಬೇರೆ ಕಡೆಗೆ ಸಾಗಿಸುವಂತಿಲ್ಲ. ಮತ್ತೆ, ಕಟ್ಟಡದಿಂದ ಏನೂ ಹೊರಗೆ ಹೋಗುವುದಿಲ್ಲ. ಅವರು ತಮ್ಮ ಸ್ವಂತ ತಾಯಿಯ ಪುಸ್ತಿಕೆಯನ್ನೂ ಮನೆಗೆ ಒಯ್ಯಲಿಲ್ಲ.

ಶುಕ್ರವಾರ ನಮ್ಮಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಶನಿವಾರದ ಸಾವುಗಳೆಲ್ಲ ಶುಕ್ರವಾರ ಸಂಜೆಯೊಳಗೆ ಹೊಲಿದು, ಪಿನ್ನು ಹೊಡೆದು, ಕಟ್ಟು ಕಟ್ಟಿ ಸಿದ್ಧವಾಗಬೇಕು. ಅರಾಬಾ ಶುಕ್ರವಾರ ಮಧ್ಯಾಹ್ನವೇ ಬರುತ್ತಿದ್ದರು. ಶಾಯಿ ಆರುವ ಮುಂಚೆ ಎರಡು ಪ್ರತಿ ಎತ್ತಿಕೊಂಡು, ಎರಡು ಬೆರಳಲ್ಲಿ ಹಿಡಿದು ಬೀಸುತ್ತಾ ಹೋಗುತ್ತಿದ್ದರು. ಕಾಯುತ್ತಾ ಕೂತರೆ ಕುಟುಂಬದವರು ಕೊನೆಯ ಪ್ರತಿವರೆಗೂ ಹಂಚಿಬಿಡುತ್ತಾರೆಂದು ಅವರಿಗೆ ಗೊತ್ತಿತ್ತು. ಅವರು ಹೋದ ಮಾರನೆಯ ದಿನವೂ, ಶುಕ್ರವಾರ, ಹನ್ನೆರಡೂವರೆಗೆ ನಾನು ಎರಡೆರಡು ಪ್ರತಿ ತೆಗೆದಿಟ್ಟು ಬಾಗಿಲು ನೋಡಿದೆ. ಮೊಳೆ ಜೋಡಿಸುವ ಹಳೆಯ ಕೆಲಸಗಾರ ನನ್ನ ಮುಖ ನೋಡಿ ಆಚೆ ತಿರುಗಿಕೊಂಡ.

ಆ ಶುಕ್ರವಾರದ ಅಭ್ಯಾಸವೇ ಎಪ್ಪತ್ತೇಳರಲ್ಲಿ ಅವರ ಕುರ್ಚಿಯನ್ನು ಕಸಿದದ್ದು.

ಟಕೊರಾಡಿಯ ಮರದ ವ್ಯಾಪಾರಿ ಜೆ. ಬಿ. ಎಸ್ಸೆಲ್ ಸತ್ತಿದ್ದ. ಇಗರ್ಜಿಯಲ್ಲಿ ಮದುವೆಯಾದ ಹೆಂಡತಿಗೆ ಆರು ಮಕ್ಕಳು. ಮಾನ್ಸಾ ಎಂಬ ಇನ್ನೊಬ್ಬಳಿಗೆ ಮೂರು. ನಮ್ಮ ಕರಾವಳಿಯಲ್ಲಿ ಸತ್ತ ಗಂಡಸು ಅವನ ತಾಯಿಕಡೆಯವರ ಸೊತ್ತು. ಆಸ್ತಿ ಸೋದರಳಿಯನಿಗೆ. ಹೆಂಡತಿ ಮಕ್ಕಳಿಗೆ ಉಳಿಯುವುದು ತಂದೆಯ ಮನೆಯಲ್ಲಿ ವಾಸಕ್ಕೆ ಒಂದು ಕೋಣೆ, ಪುಸ್ತಿಕೆಯಲ್ಲಿ ಒಂದು ಪುಟ. ಎಸ್ಸೆಲ್‌ನ ಸೋದರಳಿಯ ಕರ್ನಲ್ ಯಾಂಕಾ ಆಗಿನ ಸೈನಿಕ ಸರ್ಕಾರದಲ್ಲಿ ಮಂತ್ರಿಯ ಸ್ಥಾನದಲ್ಲಿದ್ದವನು. ಅವನು ಮಾನ್ಸಾಳ ಮಕ್ಕಳನ್ನು ಆ ಮನೆಯಿಂದ ಹೊರಗೆ ಹಾಕಿದ. ಅವರು ಮಾವನ ಮಕ್ಕಳೇ ಅಲ್ಲ ಎಂದ. ಕುಟುಂಬದವರು ಬೇರೆ ಕಡೆ ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಆರೇ ಹೆಸರು.

ಮಾನ್ಸಾಳ ಹಿರಿಮಗಳು ಎಕುವಾ ನನ್ನ ಹತ್ತಿರ ಬಂದಳು. ಹತ್ತೊಂಬತ್ತು ವರ್ಷ. ಕೈಯಲ್ಲಿ ಒಂದು ಹಳೆಯ ಫೋಟೋ. ಅವಳು ಹುಟ್ಟಿದ ಎಂಟನೆಯ ದಿನ, ಹೆಸರಿಡುವ ಶಾಸ್ತ್ರದಲ್ಲಿ ತೆಗೆದದ್ದು. ಎಸ್ಸೆಲ್ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನೀರಿನಲ್ಲಿ ಅದ್ದಿದ ಬೆರಳನ್ನು ಅದರ ನಾಲಗೆಗೆ ಮುಟ್ಟಿಸುತ್ತಿದ್ದಾನೆ. ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತವನು ಹದಿನೆಂಟರ ಯಾಂಕಾ, ಸೈನ್ಯಶಾಲೆಯ ಉಡುಪಿನಲ್ಲಿ. ತಂದೆ ಹೆಸರಿಟ್ಟ ಮೇಲೆ ನಮ್ಮಲ್ಲಿ ಬೇರೆ ಸಾಕ್ಷಿ ಬೇಕಿಲ್ಲ.

"ಅಣ್ಣಾ, ಇದನ್ನ ಇಡೀ ಪುಟ ಹಾಕಿ. ಒಂಬತ್ತು ಹೆಸರೂ ಹಾಕಿ. ಮುನ್ನೂರು ಪ್ರತಿ ಮಾಡಿ. ನಾನು ಇಗರ್ಜಿ ಗೇಟಲ್ಲಿ ನಿಂತು ಹಂಚ್ತೀನಿ" ಎಂದಳು.

"ಹೊಡೀತಾರೆ ಕಣಮ್ಮಾ."

"ಹೊಡೀಲಿ. ಓದಿ ಆದ್ಮೇಲೆ ತಾನೇ ಹೊಡಿಯೋದು?"

ನಾನು ಮುನ್ನೂರ ಎರಡು ಮಾಡಿದೆ. ಎರಡನ್ನು ಶುಕ್ರವಾರ ಮಧ್ಯಾಹ್ನ ಅರಾಬಾ ಒಯ್ದರು. ಮೂರು ಗಂಟೆಗೆ ಜೀಪು ಬಂತು. ಯಾರೋ ಸುದ್ದಿ ಮುಟ್ಟಿಸಿದ್ದರು. ಸೈನಿಕರು ಕಟ್ಟುಗಳನ್ನೆಲ್ಲ ಹಿತ್ತಲಿಗೆ ಎಳೆದು ಸೀಮೆಎಣ್ಣೆ ಸುರಿದರು. ಫೋಟೋ, ಅದರಿಂದ ಮಾಡಿಸಿದ ಅಚ್ಚಿನ ಬ್ಲಾಕು, ಎಕುವಾ ಕೈಯಾರೆ ಬರೆದ ಹಾಳೆಗಳು, ಎಲ್ಲವೂ ಆ ಬೆಂಕಿಗೆ ಹೋದವು. ಒಬ್ಬ ಸಾರ್ಜೆಂಟು ನನ್ನ ಕೆಲಸದ ಪುಸ್ತಕ ನೋಡಿ, "ಮುನ್ನೂರ ಎರಡು ಅಂತಿದೆ. ಇನ್ನೆರಡು ಎಲ್ಲಿ?" ಎಂದ.

ನಾನು ಹೇಳಿಬಿಟ್ಟೆ. ಅವನು ನನ್ನನ್ನು ಹೊಡೆಯಲೂ ಇಲ್ಲ. ಕೇಳಿದ, ಹೇಳಿದೆ.

ಜೀಪು ಹೋದ ಮೇಲೆ ಗ್ರಂಥಾಲಯಕ್ಕೆ ಓಡಿದೆ. ಅರಾಬಾ ನೆಲದ ಮೇಲೆ ಕೂತು ಪೆಟ್ಟಿಗೆಗೆ ಊರ ಹೆಸರು ಅಂಟಿಸುತ್ತಿದ್ದರು.

"ಅಕ್ಕಾ, ನಾನು ಹೇಳ್ಬಿಟ್ಟೆ. ತಪ್ಪಾಯ್ತು."

"ಏನು ಹೇಳ್ಬಿಟ್ಟೆ? ರಾಷ್ಟ್ರೀಯ ಗ್ರಂಥಾಲಯದಲ್ಲಿ ಪುಸ್ತಕ ಇದೆ ಅಂತಲಾ? ಅದೇನು ಗುಟ್ಟಾ?"

"ಅವೆರಡನ್ನ ನನಗೆ ಕೊಡಿ. ಹಳ್ಳಿಯಲ್ಲಿ ನಮ್ಮತ್ತೆ ಮನೆ ಅಟ್ಟದಲ್ಲಿ ಬಚ್ಚಿಡ್ತೀನಿ."

"ಆಗಲ್ಲ." ಅವರು ತಲೆಯೆತ್ತಲೂ ಇಲ್ಲ. "ಬಚ್ಚಿಟ್ಟ ದಿನ ಅದು ನನ್ನದಾಗುತ್ತೆ. ನನ್ನದಾದ್ರೆ ನನ್ನಿಂದ ಕಿತ್ಕೋಬಹುದು. ಈಗ ಅದು ದೇಶದ್ದು, ನಂಬರ್ ಬಿದ್ದಿದೆ. ಅದರ ಜಾಗದಲ್ಲಿ ಅದು ಇರುತ್ತೆ. ನೀನು ಮನೆಗೆ ಹೋಗಿ ಏನಾದ್ರೂ ತಿನ್ನು, ಮುಖ ನೋಡೋಕಾಗ್ತಿಲ್ಲ."

ಸೋಮವಾರ ಹತ್ತು ಗಂಟೆಗೆ ಕರ್ನಲ್ ಯಾಂಕಾ ತಾನೇ ಬಂದ. ನಾನು ಬೆಳಗಿನಿಂದ ಓದುವ ಕೋಣೆಯ ಮೂಲೆಯಲ್ಲಿ ಒಂದು ಪುಸ್ತಕ ತೆರೆದು ಕೂತಿದ್ದೆ. ಹತ್ತು ಹನ್ನೆರಡು ಜನ ವಿದ್ಯಾರ್ಥಿಗಳಿದ್ದರು. ಕರ್ನಲ್ ಬೆತ್ತದಿಂದ ಕೌಂಟರನ್ನು ತಟ್ಟಿದ.

"ಎಸ್ಸೆಲ್ ಅವರದ್ದು ಅಂತ ಎರಡು ಕಾಗದ ಇದೆಯಂತೆ. ತಗೊಂಬನ್ನಿ."

"ಖಂಡಿತ" ಎಂದರು ಅರಾಬಾ. ಚೀಟಿ, ಪೆನ್ಸಿಲು ಮುಂದಿಟ್ಟರು. "ಹೆಸರು, ಊರು ಬರೀರಿ. ಪೆನ್ನು ಜೇಬಲ್ಲೇ ಇರಲಿ, ಇಲ್ಲಿ ಪೆನ್ನು ಬಳಸೋ ಹಾಗಿಲ್ಲ."

"ನಾನ್ಯಾರು ಗೊತ್ತಾ?"

"ಇಲ್ಲ. ಅದಕ್ಕೇ ಚೀಟಿ."

ಯಾರೋ ಕೆಮ್ಮಿದರು. ಕರ್ನಲ್ ನಕ್ಕು, ಮಗುವಿನ ಜೊತೆ ಆಡುವವನಂತೆ ಚೀಟಿ ತುಂಬಿದ. ಅರಾಬಾ ಒಂದೇ ಪ್ರತಿ ತಂದು ಮೇಜಿನ ಮೇಲಿಟ್ಟರು. ಅವನು ನಿಂತೇ ಪುಟ ತಿರುವಿದ. ಆ ಫೋಟೋದ ಪುಟಕ್ಕೆ ಬಂದಾಗ ಕೂತ. ಲೋಟ ಹಿಡಿದ ತನ್ನನ್ನೇ ಎಷ್ಟು ಹೊತ್ತು ನೋಡಿದನೋ ಗೊತ್ತಿಲ್ಲ, ನನಗಂತೂ ಬಹಳ ಹೊತ್ತೆನಿಸಿತು. ಆಮೇಲೆ ಪುಸ್ತಿಕೆಯನ್ನು ಮಡಿಸಿ ಅಂಗಿಯ ಒಳಜೇಬಿಗೆ ತುರುಕಿಕೊಂಡು ಎದ್ದ.

ಅಷ್ಟರಲ್ಲಿ ಅರಾಬಾ ಒಂದು ಕುರ್ಚಿ ಎಳೆದುಕೊಂಡು ಹೋಗಿ ಬಾಗಿಲಿಗೆ ಅಡ್ಡ ಹಾಕಿ ಕೂತಾಗಿತ್ತು.

"ಓದಿದ್ದಾಯ್ತಾ? ಕೌಂಟರಲ್ಲಿ ಕೊಟ್ಟು ಹೋಗಿ."

"ಏಳಮ್ಮಾ ಮೇಲೆ. ಮೀನುಗಾರ್ತಿ ಮಗಳು ನನಗೆ ಕಾನೂನು ಹೇಳ್ತೀಯಾ? ಕುರ್ಚಿ ಸಮೇತ ಎತ್ತಿ ಆಚೆ ಹಾಕಿಸ್ತೀನಿ."

"ಹಾಕಿಸಿ. ಎತ್ತೋರಿಗೆ ಮೊಣಕಾಲು ಬಗ್ಗಿಸಿ ಎತ್ತೋಕೆ ಹೇಳಿ ಕರ್ನಲ್ ಸಾಹೇಬ್ರೇ. ಮೀನುಗಾರ್ತಿ ಮಗಳು ಚೆನ್ನಾಗಿ ತಿಂದು ಬೆಳೆದಿದ್ದಾಳೆ, ಸೊಂಟ ಹಿಡ್ಕೊಂಡೀತು."

ಒಬ್ಬಳು ವಿದ್ಯಾರ್ಥಿನಿ ನಕ್ಕುಬಿಟ್ಟಳು. ಬಾಯಿ ಮುಚ್ಚಿಕೊಂಡಳು, ಆದರೂ ನಿಲ್ಲಲಿಲ್ಲ. ಪಕ್ಕದವನಿಗೆ ಹತ್ತಿತು. ಆ ಕಾಲದಲ್ಲಿ ಸೈನಿಕ ಮಂತ್ರಿಯ ಮುಂದೆ ನಕ್ಕವರು ಎಲ್ಲಿ ಹೋಗಿ ಬೀಳುತ್ತಿದ್ದರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ನಗು ಹಬ್ಬಿತು. ಕರ್ನಲ್ ಕಿವಿಯವರೆಗೂ ಬಿಸಿಯಾಗಿ, ಪುಸ್ತಿಕೆಯನ್ನು ಹೊರತೆಗೆದು ಕೌಂಟರಿಗೆ ಎಸೆದ. ಅರಾಬಾ ಎದ್ದು ಕುರ್ಚಿ ಸರಿಸಿ, "ಮತ್ತೆ ಬನ್ನಿ. ನಾಲ್ಕು ಗಂಟೆವರೆಗೂ ತೆರೆದಿರುತ್ತೆ" ಎಂದರು.

ಬುಧವಾರ ಕಾಗದ ಬಂತು. ನಿರ್ದೇಶಕಿಯ ಹುದ್ದೆಯಿಂದ ಬಿಡುಗಡೆ, ನೆಲಮಾಳಿಗೆಯ ರಿಪೇರಿ ಕೋಣೆಗೆ ವರ್ಗ. ಅವರ ಜಾಗಕ್ಕೆ ಒಬ್ಬ ಮೇಜರ್ ಬಂದ. ಒಳ್ಳೆಯ ಮನುಷ್ಯ, ಪುಸ್ತಕಪಟ್ಟಿಯ ಕಾರ್ಡು ಇಡುವ ಸಣ್ಣಸಣ್ಣ ಪೆಟ್ಟಿಗೆಗಳನ್ನು ನೋಡಿ ಇವುಗಳಲ್ಲಿ ಔಷಧಿ ಇದೆಯೇ ಎಂದು ಕೇಳಿದನಂತೆ. ಮೂರು ವರ್ಷ ಅರಾಬಾ ನೆಲಮಾಳಿಗೆಯಲ್ಲಿ ಪುಸ್ತಿಕೆಗಳ ತುಕ್ಕುಪಿನ್ನು ಕಿತ್ತು ದಾರದಿಂದ ಹೊಲಿದರು. ಶುಕ್ರವಾರ ಮಧ್ಯಾಹ್ನ ಅದೇ ಗಂಡಸರ ಚಪ್ಪಲಿಯಲ್ಲಿ ನಮ್ಮ ಅಚ್ಚುಕೂಟಕ್ಕೆ ಬರುವುದನ್ನು ಬಿಡಲಿಲ್ಲ. "ಅಕ್ಕಾ, ಆ ಎರಡು ಪ್ರತಿಯನ್ನ ಮೇಜರ್ ತೆಗೆಸಿಬಿಟ್ರೆ?" ಎಂದು ಕೇಳಿದ್ದೆ. "ಎಲ್ಲಿದೆ ಅಂತ ಕೇಳಿದ್ರೆ ತೋರಿಸ್ತೀನಿ. ಬಾಗಿಲಲ್ಲಿ ಮತ್ತೆ ಕೂತ್ಕೋತೀನಿ. ಅವನು ಕೇಳೋದೇ ಇಲ್ಲ, ಏನ್ಮಾಡ್ಲಿ?" ಎಂದರು. ಕರ್ನಲ್ ಯಾಂಕಾ ಕೂಡ ಆ ಪುಸ್ತಿಕೆಯನ್ನು ಮತ್ತೆ ಕೇಳಲಿಲ್ಲ. ಯಾಕೆಂದು ನನಗೆ ತಿಳಿಯದು.

ಸರ್ಕಾರ ಬದಲಾಯಿತು. ಅರಾಬಾ ಮೇಲಕ್ಕೆ, ತಮ್ಮ ಹಳೆಯ ಕುರ್ಚಿಗೆ ಬಂದರು. ಎಕುವಾ ತಂದೆಯ ಮನೆಯಲ್ಲಿ ವಾಸದ ಹಕ್ಕಿಗಾಗಿ ಕೋರ್ಟಿಗೆ ಹೋದಳು. ಆ ಫೋಟೋ ಉಳಿದದ್ದು ಭೂಮಿಯ ಮೇಲೆ ಎರಡೇ ಹಾಳೆಗಳಲ್ಲಿ. ಅವಳು ವಕೀಲನನ್ನು ಕರೆದುಕೊಂಡು ಹೆಣದ ಕೋಣೆಗೆ ಬಂದು ಒಂದನ್ನು ಕೊಡಿ ಎಂದಳು.

"ಆಗಲ್ಲ ಮಗಳೇ."

"ಎರಡಿದೆಯಲ್ಲ ಆಂಟಿ! ಒಂದು ಕೊಟ್ರೆ ಏನಾಗುತ್ತೆ?"

"ಒಂದು ಓದೋಕೆ. ಇನ್ನೊಂದು, ಮೊದಲನೇದು ಸವೆದ್ರೆ. ಕೊಡೋಕೆ ಅಂತ ಮೂರನೇದಿಲ್ಲ."

"ಇದಕ್ಕೋಸ್ಕರ ನೀವು ಕುರ್ಚಿ ಕಳ್ಕೊಂಡ್ರಿ ಅಂತ ನಾನು ದಿನಾ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಹೇಳ್ತಿದ್ದೆ. ನೀವೂ ಅವರ ಥರಾನೇ. ಅವರು ಸುಟ್ರು, ನೀವು ಬೀಗ ಹಾಕಿದ್ರಿ."

ನಾನೂ ಅವತ್ತು ಅರಾಬಾ ಮೇಲೆ ಸಿಟ್ಟಾದೆ. ಹುಡುಗಿಯ ಬದುಕಿಗಿಂತ ಕಟ್ಟಳೆ ದೊಡ್ಡದಾಯಿತೇ ಎಂದು ಮುಖಕ್ಕೇ ಕೇಳಿದೆ. "ಇವತ್ತು ಪಾಪದವಳಿಗೆ ಅಂತ ಹೊರಗೆ ಬಿಡ್ತೀನಿ. ನಾಳೆ ಕರ್ನಲ್ ಒಬ್ಬ ಪಾಪದವನ ಥರ ಅಳ್ತಾ ಬರ್ತಾನೆ. ಆಗ ನಾನು ಬಾಗಿಲಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೊಳ್ಲಿ?" ಎಂದರು. ಕೋರ್ಟಿಗೆ ಹೋದ ಪುಸ್ತಕಗಳು ಮರಳಿ ಬರುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಕಡತದ ಕೋಣೆಗಳಲ್ಲಿ ಇಲಿಗಳಿದ್ದವು, ಯಾಂಕಾನ ನೆಂಟರೂ ಇದ್ದರು.

ನ್ಯಾಯಾಧೀಶರು ಸಮನ್ಸ್ ಕಳಿಸಿದರು. ಅರಾಬಾ ಬರಿಗೈಯಲ್ಲಿ ಹೋದರು.

"ಪುಸ್ತಕ ಎಲ್ಲಮ್ಮಾ?"

"ಅದರ ಜಾಗದಲ್ಲಿದೆ ಸ್ವಾಮಿ. ಬನ್ನಿ, ಓದಿ."

"ಕೋರ್ಟನ್ನ ನಿಮ್ಮ ಹತ್ತಿರ ಕರೀತಿದ್ದೀರಾ? ಜೈಲಿಗೆ ಕಳಿಸಬೇಕಾಗುತ್ತೆ."

"ಕಳಿಸಿ. ಹೋಗೋ ಮುಂಚೆ ನೀವು ಬಂದು ಓದಿದ್ರೆ ಸಾಕು. ಆ ಹುಡುಗಿ ಮೂರು ವರ್ಷದಿಂದ ಕಾಯ್ತಿದ್ದಾಳೆ."

ಒಂದು ಹಗಲು ಅವರನ್ನು ಕೋರ್ಟಿನ ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಮುಂದಿನ ಮಂಗಳವಾರ ನ್ಯಾಯಾಧೀಶರೇ ಇಬ್ಬರು ವಕೀಲರು, ಗುಮಾಸ್ತ, ಎಕುವಾ, ಯಾಂಕಾನ ಕಡೆಯ ಹಿರಿಯರು, ಎಲ್ಲರನ್ನೂ ಕಟ್ಟಿಕೊಂಡು ಓದುವ ಕೋಣೆಗೆ ಬಂದರು. ಅರಾಬಾ ಹನ್ನೊಂದು ಜನಕ್ಕೂ ಚೀಟಿ ಬರೆಸಿದರು. ನ್ಯಾಯಾಧೀಶರು ಕನ್ನಡಕ ಮೇಲೇರಿಸಿ ಫೋಟೋವನ್ನು ನೋಡಿ, ಯಾಂಕಾನ ಕಡೆಯ ಮುದುಕನನ್ನು ಕರೆದು, "ಹಿರಿಯರೇ, ಈ ಲೋಟ ಹಿಡಿದಿರೋ ಹುಡುಗ ಯಾರು?" ಎಂದು ಕೇಳಿದರು. "ನಮ್ಮ ಯಾಂಕಾ" ಎಂದ ಮುದುಕ. ಸುಳ್ಳು ಹೇಳಲಿಲ್ಲ.

ಮಾನ್ಸಾಳ ಮಕ್ಕಳಿಗೆ ಮನೆಯಲ್ಲಿ ಎರಡು ಕೋಣೆ ಸಿಕ್ಕಿತು. ಎಕುವಾ ಅರಾಬಾಗೆ ಕೃತಜ್ಞತೆ ಹೇಳಲು ಬರಲಿಲ್ಲ. ಅವರು ನಿರೀಕ್ಷಿಸಲೂ ಇಲ್ಲ.

ತೊಂಬತ್ತೆಂಟರಲ್ಲಿ ನಿವೃತ್ತರಾದರು. ಮಾರನೆಯ ದಿನವೇ ಬಸ್ಸು ಹತ್ತಿ ಬಂದು, ಎಲ್ಲರಂತೆ ಚೀಟಿ ಬರೆದು, ಹೆಣದ ಕೋಣೆಯ ಪುಸ್ತಿಕೆಗಳನ್ನು ಮೊದಲ ಪೆಟ್ಟಿಗೆಯಿಂದ ಓದಲು ಕೂತರು. ಇಡುವಾಗ ಓದಲು ಸಮಯವಿರಲಿಲ್ಲ ಎನ್ನುತ್ತಿದ್ದರು.

ಈ ವರ್ಷ ಈಸ್ಟರ್ ಕಳೆದ ಮೇಲೆ ಮೇಲಿನಿಂದ ಆದೇಶ ಬಂತು. ಸಾವಿನ ಪುಸ್ತಿಕೆಗಳು ಸಾಹಿತ್ಯವಲ್ಲ. ನಲವತ್ತು ಸಾವಿರವನ್ನೂ ಬಂದರಿನ ಗೋದಾಮಿಗೆ ಸಾಗಿಸಿ, ಆ ಕೋಣೆಯನ್ನು ಕಂಪ್ಯೂಟರುಗಳಿಗೆ ತೆರವು ಮಾಡಬೇಕು. ಈಗಿನ ನಿರ್ದೇಶಕರು ಅರಾಬಾ ಅವರ ಕೈಕೆಳಗೇ ಕೆಲಸ ಕಲಿತವರು. ಕಾಗದವನ್ನು ಅವರೇ ತಂದು ಅರಾಬಾ ಮುಂದೆ ಇಟ್ಟರು.

"ಆಂಟಿ, ಸಹಿ ಹಾಕದೆ ನನಗೆ ಗತಿಯಿಲ್ಲ."

"ಹಾಕಪ್ಪಾ. ನಿನಗೆ ಮಕ್ಕಳಿದ್ದಾರೆ. ಬಂದರಿನ ಗೋದಾಮಲ್ಲಿ ಕೋಕೋ ಬೀಜಾನೇ ಒಂದು ಮಳೆಗಾಲ ತಾಳಲ್ಲ, ಕಾಗದ ತಾಳುತ್ತಾ? ಇರಲಿ. ಒಬ್ಬರಾದ್ರೂ ಓದ್ತಿರೋವರೆಗೂ ಪೆಟ್ಟಿಗೆ ಎತ್ತೋ ಹಾಗಿಲ್ಲ ಅನ್ನೋ ಕಟ್ಟಳೆ ಇನ್ನೂ ಇದೆ ತಾನೇ?"

"ಇದೆ."

"ಹಾಗಾದ್ರೆ ಓದ್ತೀವಿ."

ಮುಂದಿನ ಶನಿವಾರದಿಂದ ಅವರು ಸಾವಿನ ಮನೆಗಳಿಗೆ ಹೋಗತೊಡಗಿದರು. ಕಪ್ಪು ಬಟ್ಟೆ ಉಟ್ಟು, ಕುಟುಂಬದವರೆಲ್ಲರ ಕೈ ಕುಲುಕಿ, ಮೈಕು ಕೇಳಿ ಪಡೆಯುತ್ತಿದ್ದರು. "ನಿಮ್ಮಜ್ಜಿ, ನಿಮ್ಮ ತಾತ, ನಮ್ಮ ಕೋಣೇಲಿದ್ದಾರೆ. ಸಮುದ್ರಕ್ಕೆ ಹಾಕೋ ಮುಂಚೆ ಬಂದು ಮಾತಾಡಿಸಿ." ನಾನು ನನ್ನ ಅಂಗಡಿಯ ಪ್ರತಿ ಪುಸ್ತಿಕೆಯ ಹಿಂದೆ ಅದನ್ನೇ ಒಂದು ಸಾಲಾಗಿ ಅಚ್ಚು ಹಾಕಿದೆ. ಜನ ಬಂದರು. ಮೀನಿನ ಹೆಂಗಸರು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಬಂದರು, ಟ್ಯಾಕ್ಸಿಯವರು, ಒಬ್ಬ ಬಿಷಪ್, ಶಾಲೆಯ ಮೇಷ್ಟ್ರುಗಳು. ಓದಲು ಬಾರದವರು ಓದಬಲ್ಲವರನ್ನು ಕರೆತಂದರು. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಿದ್ದರು. ಎರಡನೆಯ ವಾರ ಟಕೊರಾಡಿಯಿಂದ ಎಕುವಾ ಬಂದಳು, ತಲೆ ನೆರೆತಿತ್ತು, ಜೊತೆಗೆ ಇಬ್ಬರು ಮೊಮ್ಮಕ್ಕಳು. ಅರಾಬಾ ಅವಳ ಮುಂದೆಯೂ ಚೀಟಿ ಇಟ್ಟರು. ಅವಳು ಬರೆಯುತ್ತಾ, "ಇನ್ನೂ ಹಾಗೇ ಇದ್ದೀರಿ" ಎಂದಳು. "ಪುಸ್ತಕಾನೂ ಹಾಗೇ ಇದೆ" ಎಂದರು ಇವರು.

ಹನ್ನೊಂದು ವಾರ ಹೀಗೆ ನಡೆಯಿತು. ಒಂದು ಪೆಟ್ಟಿಗೆಯೂ ಕದಲಲಿಲ್ಲ.

ಕಳೆದ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಲಾರಿ ಬಂತು. ಸಹಿ, ಮೊಹರು ಇದ್ದ ಕಾಗದ ಹಿಡಿದು ಅದರ ಮುಖಂಡ ಒಳಗೆ ಬಂದ. ಮೂವತ್ತೈದರ ಗಟ್ಟಿಮುಟ್ಟಾದ ಆಳು, ಹಿಂದೆ ನಾಲ್ಕು ಜನ ಹಮಾಲರು. ಅವತ್ತು ಮಳೆ, ಓದುವವರು ಕಮ್ಮಿ. ನಾನು, ಇಬ್ಬರು ಹೆಂಗಸರು, ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಅರಾಬಾ. ಬೆಳಗಿನಿಂದ ಅವರ ಮುಖ ಬಿಳಿಚಿಕೊಂಡಿತ್ತು. ಮನೆಗೆ ಹೋಗೋಣವೆಂದು ಎರಡು ಸಲ ಹೇಳಿ ಬೈಸಿಕೊಂಡಿದ್ದೆ.

"ಅಮ್ಮಾ, ನಾಲ್ಕು ಗಂಟೆಗೆ ಮುಚ್ತಾರಂತೆ. ಮುಚ್ಚಿದ್ಮೇಲೆ ಯಾರೂ ಓದ್ತಿರಲ್ಲ ತಾನೇ? ಆಗ ಎತ್ತಿ ಅಂದಿದ್ದಾರೆ" ಎಂದ ಮುಖಂಡ.

ಅರಾಬಾ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಯಾವೂರಪ್ಪಾ? ಯಾರ ಮಗ?"

"ಅಪಾ‍ಮ್‌ನವನು. ಹೆಸರು ಕ್ವೆಸಿ ಅಂಪಿಯಾ. ನಮ್ಮಪ್ಪನ್ನ ನಿಮಗೆ ಗೊತ್ತಿರಲ್ಲ ಬಿಡಿ, ದೋಣಿಯೋನು."

"ನಿಮ್ಮಜ್ಜಿ?"

"ಸೂಲಗಿತ್ತಿ. ನಾನು ಹುಟ್ಟೋ ಮುಂಚೇನೇ ಹೋದ್ಲು."

ಅರಾಬಾ ಗ್ರಂಥಾಲಯದ ಸಹಾಯಕಿಗೆ ಅಪಾಮ್ ಊರಿನ ಮೂರನೆಯ ಪೆಟ್ಟಿಗೆ ತರಲು ಹೇಳಿದರು. ತಾವೇ ಬೆರಳಾಡಿಸಿ ಎಂಟು ಪುಟದ ಒಂದು ತೆಳು ಪುಸ್ತಿಕೆ ತೆಗೆದರು. ಮೇಲೆ ತಲೆಗೆ ವಸ್ತ್ರ ಕಟ್ಟಿದ ಮುದುಕಿಯ ಚಿತ್ರ. ಅವನು ಕೈಚಾಚಿದ. ಅರಾಬಾ ಪುಸ್ತಿಕೆಯನ್ನು ಹಿಂದಕ್ಕೆಳೆದುಕೊಂಡು ಚೀಟಿ ಮುಂದಿಟ್ಟರು.

"ನಾನು ಓದೋಕೆ ಬಂದಿಲ್ಲಮ್ಮಾ, ಎತ್ತೋಕೆ ಬಂದಿದ್ದೀನಿ" ಎಂದ, ಕಣ್ಣು ಮಾತ್ರ ಚಿತ್ರದ ಮೇಲಿತ್ತು. "ನಮ್ಮನೇಲಿ ಅವಳದ್ದೊಂದು ಫೋಟೋನೂ ಇಲ್ಲ."

"ಬರಿ. ಒದ್ದೆ ಕೈ ಒರೆಸ್ಕೊಂಡು ಬರಿ."

ಅವನು ಬರೆದ. ಕೂತ. ನಾಲಗೆ ಹೊರಳದೆ, ಒಂದೊಂದೇ ಅಕ್ಷರ ಕೂಡಿಸಿ, ಜೋರಾಗಿ ಓದತೊಡಗಿದ. ಅವನ ಅಜ್ಜಿ ಎರಡು ಸಾವಿರ ಚಿಲ್ಲರೆ ಮಕ್ಕಳನ್ನು ಭೂಮಿಗೆ ಇಳಿಸಿದ್ದಳಂತೆ. ನಾಲ್ವರು ಹಮಾಲರೂ ಬಂದು ಅವನ ಹಿಂದೆ ನಿಂತರು. "ಏ ಕ್ವೆಸಿ, ನಿಧಾನವಾಗಿ ಓದೋ, ನಮ್ಮಮ್ಮಾನೂ ಅದರಲ್ಲೇ ಹುಟ್ಟಿರ್ಬೇಕು" ಎಂದ ಒಬ್ಬ.

ಅವನು ಮೂರನೆಯ ಪುಟದಲ್ಲಿದ್ದಾಗ ನಾಲ್ಕಾಯಿತು. ಸಹಾಯಕಿ ಬಾಗಿಲು ಮುಚ್ಚುವ ಹೊತ್ತಾಯಿತೆಂದು ಕೌಂಟರಿನ ಹಿತ್ತಾಳೆ ಗಂಟೆಯತ್ತ ಕೈ ಚಾಚಿದಳು. ಅದನ್ನು ಬಾರಿಸುವವರೆಗೆ ಕೋಣೆ ಮುಚ್ಚಿದ ಲೆಕ್ಕವಲ್ಲ. ಅರಾಬಾ ಕೂತಲ್ಲಿಂದಲೇ ಮುಂದಕ್ಕೆ ಬಾಗಿ, ಗಂಟೆಯನ್ನು ಬಾರಿಸದಂತೆ ಅದರ ಮೇಲೆ ತಮ್ಮ ಅಂಗೈಯನ್ನು ಇಟ್ಟು ಒತ್ತಿ ಹಿಡಿದರು.